ಏಣಿ ಬೇಡದ ಅಕ್ಷರ

ಬೋರ್ಡ್ ತಾತನಿಗೆ ದಾರಿ ನೋಡಿಕೊಂಡು ನಡೆಯುವುದೇ ಗೊತ್ತಿಲ್ಲ. ಗೋಡೆ ಓದಿಕೊಂಡು ನಡೆಯುತ್ತಾನೆ. ಎದುರು ಬಂದ ಸೈಕಲ್ಲಿನವರು ಬೈದು ಪಕ್ಕಕ್ಕೆ ಸರಿಯುತ್ತಾರೆ, ಪರಿಚಯದವರು ಭುಜ ಹಿಡಿದು ಅವನನ್ನೇ ಪಕ್ಕಕ್ಕೆ ಸರಿಸುತ್ತಾರೆ. ಅರವತ್ತಮೂರು ವರ್ಷದಲ್ಲಿ ಎರಡು ಸಲ ಮೋರಿಗೆ ಬಿದ್ದಿದ್ದಾನೆ. ಎರಡು ಸಲವೂ ಕುಂಟಿಕೊಂಡು ಮನೆಗೆ ಬಂದವನು ಹೆಂಡತಿಗೆ ಹೇಳಿದ್ದು ಗಾಯದ ವಿಷಯವಲ್ಲ, ಯಾವ ಗೋಡೆಯಲ್ಲಿ ಯಾವ ಅಕ್ಷರ ಬಣ್ಣ ಬಿಡುತ್ತಿದೆ ಎಂಬ ಸುದ್ದಿ.

ಅವನ ಕಣ್ಣಿಗೆ ಬೀದಿಯೆಂದರೆ ಒಂದರ ಮೇಲೊಂದು ಬರೆದ ಪುಟ. ಔಷಧಿ ಅಂಗಡಿಯ ಹಸಿರು ಗೋಡೆಯೊಳಗೆ ಹದಿನೈದು ವರ್ಷದ ಹಿಂದಿನ ಸೋಪಿನ ಜಾಹೀರಾತು ಮಲಗಿದೆ. ಅದರೊಳಗೆ ಇನ್ನೂ ಹಳೆಯ ಒಂದು ಟೈಪಿಂಗ್ ಶಾಲೆ ಮಲಗಿದೆ. ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಾಗ ಮೂರೂ ಒಟ್ಟಿಗೆ ಕಣ್ಣು ಬಿಡುತ್ತವೆ. ಬೇರೆ ಯಾರಿಗೂ ಕಾಣದು. ತಾತ ಮಾತ್ರ ನಿಂತು ಮೂರನ್ನೂ ಓದಿ, ಮೂರೂ ತನ್ನದೇ ಕೈ ಎಂದು ಗುರುತು ಹಿಡಿದು, ಬಂದ ಕೆಲಸ ಮರೆತು ಮನೆಗೆ ಹೋಗುತ್ತಾನೆ. ಬಂದ ಕೆಲಸ ಸಾಮಾನ್ಯವಾಗಿ ಅಜ್ಜಿಗೆ ಇದ್ದಿಲು ತರುವುದು.

ಅಜ್ಜಿ ಇಸ್ತ್ರಿ ಹಾಕುವವಳು. ಮನೆಯ ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕಂಬಳಿಯ ತುದಿಯಲ್ಲಿ ಸುಟ್ಟ ಗುರುತು. ಆ ಬೀದಿಯ ಅರ್ಧ ಜನರ ಅಂಗಿ ಅವಳ ಕೈ ಹಾಯ್ದೇ ಹೊರಗೆ ಹೋಗುತ್ತದೆ. ಶಾಲೆಯ ಸಮವಸ್ತ್ರವಂತೂ ರಾಶಿ ರಾಶಿ. "ಗೋಡೆ ಮುಂದೆ ಬಾಯಿ ತಕ್ಕೊಂಡು ನಿಂತಿದ್ರಾ? ಇದ್ದಿಲು ಎಲ್ಲಿ?" ಎಂದು ಅವಳು ಕೇಳುತ್ತಾಳೆ. ತಾತ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿ ಮತ್ತೆ ಚಪ್ಪಲಿ ಮೆಟ್ಟುತ್ತಾನೆ. ಎರಡನೇ ಸಲ ಹೋದಾಗಲೂ ಇದ್ದಿಲು ಬಂದೇ ಬರುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಅವನು ಬೋರ್ಡು ಬರೆಯುವುದು ಕಲಿತದ್ದು ಹರೆಯದಲ್ಲಿ, ಒಬ್ಬ ಮುದಿ ಪೇಂಟರನ ಕೈಕೆಳಗೆ. ಆ ಗುರು ಮಹಾ ಮುಂಗೋಪಿ. ಆರು ತಿಂಗಳು ಬ್ರಶ್ ಮುಟ್ಟಲು ಬಿಡದೆ ಬರೀ ಸುಣ್ಣದ ದಾರ ಹಿಡಿದು ಗೆರೆ ಹಾಕಲು ಹಚ್ಚಿದ್ದ. "ಅಕ್ಷರದ ಹೊಟ್ಟೆ ಒಳಗೆ ಗಾಳಿ ಆಡಬೇಕು ಕಣೋ, ಇಲ್ಲಾಂದ್ರೆ ಓದೋನಿಗೆ ಉಸಿರು ಕಟ್ಟತ್ತೆ." ಇದೊಂದೇ ಅವನು ಹೇಳಿಕೊಟ್ಟ ಪಾಠ. ಉಳಿದದ್ದೆಲ್ಲ ಬೈಗುಳ. ಆದರೆ ಆ ಒಂದು ಪಾಠ ಇವನ ಕೈ ಹಿಡಿಯಿತು. ಹಲ್ಲಿನ ಡಾಕ್ಟರ ಬೋರ್ಡು ಬರೆದಾಗ 'ಹಲ್ಲು' ಎಂಬುದರ ಒತ್ತಕ್ಷರವನ್ನು ದವಡೆ ಹಲ್ಲಿನ ಬೇರಿನ ಹಾಗೆ ಇಳಿಬಿಟ್ಟ. ಅದನ್ನು ನೋಡಿಯೇ ಹಲ್ಲುನೋವು ಶುರುವಾಯಿತು ಎಂದವರಿದ್ದಾರೆ. ತಾತ ಅದನ್ನು ಹೊಗಳಿಕೆಯೆಂದೇ ಇಟ್ಟುಕೊಂಡ.

ಆಮೇಲೆ ಫ್ಲೆಕ್ಸ್ ಬಂತು. ಕಂಪ್ಯೂಟರ್ ಮುಂದೆ ಕೂತವನು ಗುಂಡಿ ಒತ್ತಿದರೆ ಅರ್ಧ ಗಂಟೆಯಲ್ಲಿ ಬೋರ್ಡು ಹೊರಗೆ. ಹೊಟ್ಟೆಯೂ ಇಲ್ಲ, ಗಾಳಿಯೂ ಇಲ್ಲ. ತಾತನ ಕೆಲಸ ಒಂದೊಂದೇ ನೆಲ ಕಚ್ಚಿತು. ಉಳಿದ ಒಂದೆರಡು ಗೋಡೆಗಳಲ್ಲಿ ಒಂದನ್ನು ಬರೆಯುವಾಗ ಏಣಿ ಜಾರಿ ಅವನೂ ನೆಲ ಕಚ್ಚಿದ. ಬಲ ಮೊಣಕಾಲು ಮೂರು ತಿಂಗಳು ಪಟ್ಟಿಯೊಳಗಿತ್ತು. ಪಟ್ಟಿ ಬಿಚ್ಚಿದ ದಿನ ಅಜ್ಜಿ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, "ಇನ್ನೊಂದು ಸಲ ಏಣಿ ಹತ್ತಿದ್ರೆ ಎಡಗಾಲು ನಾನೇ ನೋಡ್ಕೋತೀನಿ" ಎಂದಳು. ಏಣಿ ಹಿತ್ತಲ ಗೋಡೆಗೆ ಒರಗಿತು. ಅದರ ಮೇಲೆ ಬಟ್ಟೆ ಒಣಗತೊಡಗಿತು.

ಸಿಗರೇಟು ಕಂಪನಿಯವನು ಬಂದದ್ದು ಆ ವರ್ಷ. ಇಸ್ತ್ರಿ ಮುರಿಯದ ಅಂಗಿ, ನಗುಮುಖ, ಕಂಕುಳಲ್ಲಿ ಒಂದು ಚರ್ಮದ ಚೀಲ. ಬೀದಿಯ ಕೊನೆಯ ಪ್ರಾಥಮಿಕ ಶಾಲೆಯ ಗೇಟಿನ ಎದುರು ಒಂದು ಸಣ್ಣ ಅಂಗಡಿಯಿದೆ. ಪೆನ್ಸಿಲ್, ರಬ್ಬರ್, ಪೆಪ್ಪರ್‌ಮಿಂಟ್, ಮೇಲಿನ ಗೂಡಿನಲ್ಲಿ ಬೀಡಿ ಸಿಗರೇಟು. ಅಂಗಡಿಯ ಗಲ್ಲಾದ ಕೆಳಗೆ ಬೀದಿಗೆ ಮುಖ ಮಾಡಿದ ಗಿಡ್ಡ ಗೋಡೆ. ಆ ಗೋಡೆಗೆ ಹೊಸ ಸಿಗರೇಟಿನ ಹೆಸರು ಬರೆಯಬೇಕಿತ್ತು. ಸಿಗರೇಟಿನ ಹೆಸರು 'ಮುಗಿಲು'.

"ಎಷ್ಟು ಎತ್ತರದಲ್ಲಿ ಸಾರ್?" ಎಂದು ತಾತ ಕೇಳಿದ.

ಕಂಪನಿಯವನು ಬಗ್ಗಿ, ತನ್ನ ತೊಡೆಯ ಹತ್ತಿರ ಒಂದು ಅಂಗೈ, ಸೊಂಟದ ಮೇಲೆ ಇನ್ನೊಂದು ಅಂಗೈ ಇಟ್ಟು ತೋರಿಸಿದ. "ಇಲ್ಲಿಂದ ಇಲ್ಲಿಗೆ. ಇದಕ್ಕಿಂತ ಮೇಲೆ ಬೇಡ ಯಜಮಾನ್ರೇ. ಕೂತ್ಕೊಂಡೇ ಬರೀಬಹುದು, ಏಣಿ ಬೇಕಾಗಲ್ಲ."

ತಾತನಿಗೆ ಕಣ್ಣು ತುಂಬಿ ಬಂತು. ಕುಂಟುತ್ತಾ ಬಂದದ್ದನ್ನು ನೋಡಿರಬೇಕು ಪುಣ್ಯಾತ್ಮ, ತನ್ನ ಮೊಣಕಾಲಿನ ಮೇಲೆ ಕರುಣೆಯಿಟ್ಟು ಜಾಹೀರಾತನ್ನೇ ಕೆಳಗಿಳಿಸಿದ್ದಾನೆ! ಇಂಥ ದೊಡ್ಡ ಕಂಪನಿಯಲ್ಲಿ ಇಂಥ ಮನುಷ್ಯ! ಮನೆಗೆ ಬಂದು ಅಜ್ಜಿಯ ಮುಂದೆ ಅವನನ್ನು ಹೊಗಳಿದ್ದೇ ಹೊಗಳಿದ್ದು. ಈ ಭೂಮಿಯ ಮೇಲೆ ಅದನ್ನು ಹೀಗೆ ಅರ್ಥ ಮಾಡಿಕೊಳ್ಳಬಲ್ಲವನು ತಾತನೊಬ್ಬನೇ ಇರಬೇಕು. ನಾಲ್ಕು ವರ್ಷ ಹಾಗೆಯೇ ನಂಬಿಕೊಂಡಿದ್ದ.

ಪ್ರತಿ ವರ್ಷವೂ ಶಾಲೆ ತೆರೆಯುವ ಹಿಂದಿನ ವಾರ ಕಂಪನಿಯವನು ಬರುತ್ತಿದ್ದ, ತಾತ ಅದೇ ಹೆಸರಿಗೆ ಮತ್ತೆ ಬಣ್ಣ ತುಂಬುತ್ತಿದ್ದ. ಯಾಕೆ ಆ ವಾರವೇ ಎಂದು ಕೇಳುವ ಯೋಚನೆ ಅವನಿಗೆ ಬರಲಿಲ್ಲ. ಬಣ್ಣದ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತು, ಟರ್ಪೆಂಟೈನ್ ವಾಸನೆಯಲ್ಲಿ ಅರ್ಧ ತೇಲುತ್ತಾ ಬರೆಯುವಾಗ ಅವನಿಗೆ ಬೇರೆ ಲೋಕವೇ ಬೇಡ. 'ಮು'ವಿನ ಕೊಂಬನ್ನು ಬಲಕ್ಕೆ ಎಳೆದು ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿದ. 'ಗಿ'ಯ ಗುಡಿಸನ್ನು ಗುಂಡಗೆ ಸುತ್ತಿದ. 'ಲು'ವಿನ ಹೊಟ್ಟೆಯೊಳಗೆ ಗುರು ಹೇಳಿದ್ದಕ್ಕಿಂತ ಹೆಚ್ಚೇ ಗಾಳಿ ಬಿಟ್ಟ. ಮೂರೂ ಅಕ್ಷರ ಇನ್ನೇನು ಗೋಡೆ ಬಿಟ್ಟು ಹೊರಡುತ್ತವೆ ಎನ್ನುವಂತಿದ್ದವು. ಪಕ್ಕದಲ್ಲಿ ಒಂದು ನೀಲಿ ಪ್ಯಾಕೆಟ್, ಪ್ಯಾಕೆಟ್ಟಿನಿಂದ ತಲೆ ಹೊರಗೆ ಹಾಕಿದ ಒಂದು ಬಿಳಿ ಕಡ್ಡಿ.

ಶಾಲೆ ತೆರೆದ ಮೇಲೆ ಮಕ್ಕಳು ಆ ಗೋಡೆಯ ಮುಂದೆ ನಿಂತು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದವು. ಬೆರಳ ಕೊಳೆಯೆಲ್ಲ ಕೆಂಪು ಅಕ್ಷರದ ಸುತ್ತಲಿನ ಬಿಳಿಯ ಮೇಲೆ. ತಾತ ಅದನ್ನು ಕಂಪನಿಯವನ ಹತ್ತಿರ ಹೇಳಿ ನೊಂದುಕೊಂಡರೆ ಅವನು ನಕ್ಕ. "ಕೊಳೆ ಮಾಡ್ಲಿ ಬಿಡಿ ಯಜಮಾನ್ರೇ. ಮತ್ತೆ ಬರೆಸೋಣ." ಎಷ್ಟು ದೊಡ್ಡ ಮನಸ್ಸು ಎಂದುಕೊಂಡ ತಾತ. ಅಲ್ಲಿಂದ ಮುಂದೆ ತಾನೇ ಗೋಡೆಯ ಪಕ್ಕ ನಿಂತು ಪಾಠ ಹೇಳಲು ಶುರು ಮಾಡಿದ. "ಇದೇನು? ಮ-ಕೊಂಬು-ಮು. ಇದು? ಗ-ಗುಡಿಸು-ಗಿ." ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದವು. ಆ ಸದ್ದು ಕಿವಿಯಲ್ಲಿ ಇಟ್ಟುಕೊಂಡೇ ಅವನು ಮನೆಗೆ ಬಂದು, ಇಸ್ತ್ರಿ ಆದ ಬಟ್ಟೆಗಳ ಬೆಚ್ಚನೆಯ ರಾಶಿಗೆ ಒರಗಿ, ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದ. ನಿದ್ದೆಯಲ್ಲಿ ಅವನು ಬರೆದ ಅಕ್ಷರಗಳೆಲ್ಲ ಗೋಡೆಗಳಿಂದ ಇಳಿದು, ಕೊಂಬು ಗುಡಿಸು ಸರಿಮಾಡಿಕೊಂಡು, ಸಾಲಾಗಿ ಶಾಲೆಗೆ ಹೋಗುತ್ತಿದ್ದವು. ಹಲ್ಲಿನ ಡಾಕ್ಟರ ಒತ್ತಕ್ಷರ ಹಿಂದೆ ಬಿದ್ದು ಓಡಿಬರುತ್ತಿತ್ತು.

ಈಗ ಕಾಳುವಿನ ವಿಷಯ ಹೇಳಬೇಕು. ಕಾಳು ಅವನ ಮೊಮ್ಮಗಳು. ಹುಟ್ಟಿದಾಗ ಹೆಸರುಕಾಳಿನಷ್ಟಿದ್ದಳು ಎಂದು ಅಜ್ಜಿ ಇಟ್ಟ ಅಡ್ಡಹೆಸರು. ಅವಳ ಅಮ್ಮ ಗಾರ್ಮೆಂಟ್ಸಿನಲ್ಲಿ ಬೆಳಗಿನ ಪಾಳಿಗೆ ಹೋಗುವುದರಿಂದ ಹಗಲೆಲ್ಲ ಅವಳು ಅಜ್ಜಿ ತಾತನ ಪಾಲು. ಆ ಗೋಡೆಯ ನಾಲ್ಕನೇ ವರ್ಷ ಒಂದನೇ ತರಗತಿಗೆ ಸೇರಿದಳು. ಮಾತಿನಲ್ಲಿ ಎತ್ತಿದ ಕೈ, ಅಕ್ಷರ ಮಾತ್ರ ತಲೆಗೆ ಹತ್ತಲಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದಳು. 'ಅ' ಬರೆ ಎಂದರೆ ಕಿಟಕಿ ನೋಡುತ್ತಿದ್ದಳು. ಅರ್ಧ ವರ್ಷ ಕಳೆಯಿತು. ಹೀಗೇ ಆದರೆ ಮುಂದಿನ ವರ್ಷವೂ ಅದೇ ತರಗತಿಯಲ್ಲಿ ಕೂರಬೇಕಾಗುತ್ತದೆ ಎಂದು ಮಿಸ್ ಚೀಟಿ ಬರೆದು ಕಳಿಸಿದರು.

ಊರೆಲ್ಲ ಅಕ್ಷರ ಬರೆದವನ ಮೊಮ್ಮಗಳಿಗೆ ಅಕ್ಷರ ಬರುವುದಿಲ್ಲ! ತಾತನಿಗೆ ಅನ್ನ ಸೇರಲಿಲ್ಲ. ಕಾಳು ಪೆದ್ದಿ ಎಂದು ಅವನು ಒಂದು ಗಳಿಗೆಯೂ ನಂಬಲಿಲ್ಲ. ತನ್ನ ಹಾಗೆಯೇ ಅವಳಿಗೂ ಪುಸ್ತಕದ ಅಕ್ಷರ ಸಣ್ಣದು, ಗೋಡೆಯ ಅಕ್ಷರ ಬೇಕು ಎಂದು ತೀರ್ಮಾನ ಮಾಡಿದ. ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಕೈ ಹಿಡಿದು ಎದುರಿನ ಗಿಡ್ಡ ಗೋಡೆಯ ಮುಂದೆ ಕೂರಿಸಿದ. ಅವಳ ತೋರುಬೆರಳನ್ನು ತನ್ನ ಬೆರಳಿನೊಳಗೆ ಇಟ್ಟುಕೊಂಡು ಕೆಂಪು ಬಣ್ಣದ ಮೇಲೆ ಮೆಲ್ಲಗೆ ನಡೆಸಿದ. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಏನೂ ಇಲ್ಲ. ಒಂಬತ್ತನೇ ದಿನ ಸಂಜೆಯ ಬಿಸಿಲು ಗೋಡೆಗೆ ಬಿದ್ದಿತ್ತು. ಕಾಳು ಕೈ ಬಿಡಿಸಿಕೊಂಡು ತಾನೇ ಬೆರಳಿಟ್ಟಳು.

"ಮು... ಗಿ... ಲು." ತಿರುಗಿ ನೋಡಿದಳು. "ತಾತ! ಮುಗಿಲು!"

ತಾತ ಅವಳನ್ನು ಎತ್ತಿಕೊಂಡು ಅಂಗಡಿಯ ಸುತ್ತ ಒಂದು ಸುತ್ತು ಹಾಕಿದ. ಮೊಣಕಾಲು ನೋವಿನ ನೆನಪೇ ಆಗಲಿಲ್ಲ. "ಇದನ್ನ ಬರ್ದಿದ್ದು ಯಾರು ಹೇಳು?" ಎಂದ. "ನಮ್ಮ ತಾತ!" ಎಂದು ಕಾಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅಂಗಡಿಯಾಕೆ ಒಂದು ಪೆಪ್ಪರ್‌ಮಿಂಟ್ ಪುಕ್ಕಟೆ ಕೊಟ್ಟಳು. ಆಕೆ ಪುಕ್ಕಟೆ ಕೊಡುವವಳೇ ಅಲ್ಲ.

ವಾರ ಕಳೆದ ಮೇಲೆ ಮಿಸ್ ಹೇಳಿಕಳಿಸಿದರು. ತಾತ ತಲೆ ಬಾಚಿ, ಅಜ್ಜಿಯಿಂದ ಗರಿಗರಿ ಅಂಗಿ ಹಾಕಿಸಿಕೊಂಡು, ಹೊಗಳಿಕೆ ಕೇಳಿಸಿಕೊಳ್ಳಲು ಹೊರಟ. ತರಗತಿ ಖಾಲಿಯಿತ್ತು. ಪುಟ್ಟ ಪುಟ್ಟ ಬೆಂಚುಗಳು, ಕಪ್ಪುಹಲಗೆಯ ಮೇಲೆ ಅರ್ಧ ಒರೆಸಿದ ಪಾಠ, ಗಾಳಿಯಲ್ಲಿ ತೇಲುತ್ತಿದ್ದ ಸೀಮೆಸುಣ್ಣದ ಪುಡಿ. ಆ ವರ್ಷವೇ ಬಂದ ಹೊಸ ಮಿಸ್, ಸಣ್ಣ ವಯಸ್ಸು. ಅವನನ್ನು ಒಂದು ಬೆಂಚಿನ ಮೇಲೆ ಕೂರಿಸಿದರು. ಮಂಡಿ ಗಲ್ಲಕ್ಕೆ ಬಂತು.

"ಕಾಳು ಒಂದು ಪದ ಓದ್ತಾಳೆ ತಾತ. ಬರೀತಾಳೆ ಕೂಡ. ತುಂಬ ಖುಷಿ ಆಯ್ತು ನನಗೆ" ಎಂದರು ಮಿಸ್. ತಾತ ಉಬ್ಬಿಹೋದ. ಮಿಸ್ ಒಂದು ಕಟ್ಟು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "'ಮುಗಿಲು' ಅಂತ ಬರೆದು ಅದರ ಚಿತ್ರ ಬಿಡಿಸಿ ಅಂದಿದ್ದೆ. ನೋಡಿ."

ಮೊದಲನೆಯದು ಕಾಳುವಿನದು. ಮೇಲೆ, ಕೊಂಬು ಗುಡಿಸು ಒಂದೂ ತಪ್ಪದೆ, 'ಮುಗಿಲು'. 'ಮು'ವಿನ ಕೊಂಬಿನ ತುದಿ ಸ್ವಲ್ಪ ಮೇಲಕ್ಕೆದ್ದಿತ್ತು. ಅದು ತನ್ನದೇ ಕೈ ಎಂದು ತಾತನಿಗೆ ಗೊತ್ತಾಯಿತು. ಕೆಳಗೆ ಚಿತ್ರ: ನೀಲಿ ಪ್ಯಾಕೆಟ್, ತಲೆ ಹೊರಗೆ ಹಾಕಿದ ಬಿಳಿ ಕಡ್ಡಿ.

ಎರಡನೆಯ ಹಾಳೆ ಇನ್ನೊಂದು ಮಗುವಿನದು. ಅಲ್ಲೂ ಪ್ಯಾಕೆಟ್. ಮೂರನೆಯದರಲ್ಲಿ ಕಡ್ಡಿಯ ತುದಿಯಲ್ಲಿ ಹೊಗೆ ಸುರುಳಿ ಬೇರೆ. ನಾಲ್ಕು, ಐದು, ಆರು. ತಾತ ಹಾಳೆ ಮಗುಚುತ್ತಾ ಹೋದ. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಕ್ಕಳು ಪ್ಯಾಕೆಟ್ ಬಿಡಿಸಿದ್ದವು. ಮೂರು ಮಕ್ಕಳು ಏನೂ ಬಿಡಿಸಿರಲಿಲ್ಲ. ಒಂದು ಮಗು ಬೆಕ್ಕಿನ ಚಿತ್ರ ಬಿಡಿಸಿತ್ತು. ಮೋಡ ಬಿಡಿಸಿದ್ದು ಒಂದೇ ಮಗು.

"ನಾನು ಕಿಟಕಿ ಕಡೆ ಕೈ ತೋರಿಸಿ 'ನೋಡಿ ಮಕ್ಕಳೇ, ಅಲ್ಲಿದೆ ಮುಗಿಲು' ಅಂದೆ" ಎಂದರು ಮಿಸ್. "ಆವತ್ತು ಆಕಾಶದ ತುಂಬ ಇತ್ತು ತಾತ. ಎಲ್ಲಾ ಮಕ್ಕಳೂ ಒಟ್ಟಿಗೆ ಎದುರಿನ ಅಂಗಡಿ ನೋಡಿದ್ವು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಾತನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. "ಕಚೇರಿಗೆ ಅರ್ಜಿ ಕೊಟ್ಟಿದೀವಿ. ಶಾಲೆಯಿಂದ ನೂರು ಗಜದ ಒಳಗೆ ಅದನ್ನ ಮಾರೋ ಹಾಗೂ ಇಲ್ಲ, ಬರೆಯೋ ಹಾಗೂ ಇಲ್ಲ. ಅಳತೆಯವರು ಬರ್ತಾರೆ. ಅಂದಹಾಗೆ, ಆ ಗೋಡೆ ಮೇಲೆ ಬರೆದೋರು ಯಾರೋ ಏನೋ, ಕೈ ಮಾತ್ರ ಎಷ್ಟು ಚೆನ್ನಾಗಿದೆ ಅಂತೀರಿ. ಅದಕ್ಕೇ ಮಕ್ಕಳ ಮನಸ್ಸಲ್ಲಿ ಕೂತುಬಿಟ್ಟಿದೆ."

ತಾತ ಹಾಳೆಗಳನ್ನು ಮತ್ತೆ ಕಟ್ಟಾಗಿ ಜೋಡಿಸಿ ಮೇಜಿನ ಮೇಲಿಟ್ಟ. ನಲವತ್ತೈದು ವರ್ಷದಲ್ಲಿ ತನ್ನ ಅಕ್ಷರವನ್ನು ಯಾರಾದರೂ ಹೊಗಳಿದಾಗ 'ನಂದೇ' ಎನ್ನದೆ ಇದ್ದದ್ದು ಅದೇ ಮೊದಲು.

"ನೀವೂ ಪೇಂಟರ್ ಅಂತೆ, ಕಾಳು ಹೇಳ್ತಾಳೆ. ನಮ್ಮ ಕಾಂಪೌಂಡ್ ಗೋಡೆ ಮೇಲೆ ಒಂದು ಸೂಚನೆ ಬರೆದುಕೊಡ್ತೀರಾ?" ಎಂದರು ಮಿಸ್. ತಾತ ತಲೆಯಾಡಿಸಿ ಎದ್ದು ಬಂದ.

ಗೇಟಿನಲ್ಲಿ ಕಾಳು ಕಾಯುತ್ತಿದ್ದಳು. "ಮಿಸ್ ಏನಂದ್ರು? ನೀನೇ ಬರ್ದಿದ್ದು ಅಂತ ಹೇಳಿದ್ಯಾ?"

"ಇಲ್ಲ. ನೀನೂ ಹೇಳ್ಬೇಡ."

"ಯಾಕೆ?"

ತಾತ ಅವಳ ಚೀಲ ತನ್ನ ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದ. ಕಾಳು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಕಣ್ಣು ಮಾತ್ರ ಹೊರಗಿಟ್ಟು, ಮನೆಯವರೆಗೂ ಹಾಗೆಯೇ ನಡೆದಳು. ಗುಟ್ಟು ಇಟ್ಟುಕೊಳ್ಳುವುದೆಂದರೆ ಹಾಗೆ ಎಂದು ಅವಳ ಲೆಕ್ಕ.

ಅವಳನ್ನು ಮನೆಗೆ ಬಿಟ್ಟು ತಾತ ಮತ್ತೆ ಗೋಡೆಯ ಹತ್ತಿರ ಬಂದ. ಡಬ್ಬ ಇಲ್ಲದ್ದರಿಂದ ನೆಲಕ್ಕೇ ಕೂತ. ತನ್ನ ಅಕ್ಷರಗಳನ್ನು ಅವನು ಎಷ್ಟೋ ಸಲ ನೋಡಿದ್ದ. ಬರೆಯುವವನ ಕಣ್ಣಿನಿಂದ ನೋಡಿದ್ದ, ಓದುವವನ ಕಣ್ಣಿನಿಂದ ನೋಡಿದ್ದಿಲ್ಲ. ಈಗ ಮೂರು ಅಕ್ಷರ ಅವನ ಮುಖಕ್ಕೆ ನೇರವಾಗಿ ನಿಂತಿದ್ದವು. ಬೀದಿಯಲ್ಲಿ ಹೋಗುವ ದೊಡ್ಡವರ ಕಾಲುಗಳು ಹಿಂದಿನಿಂದ ದಾಟುತ್ತಿದ್ದವು. ಒಬ್ಬರೂ ಬಗ್ಗಿ ನೋಡಲಿಲ್ಲ. ಅಷ್ಟು ಕೆಳಗೆ ಯಾರು ನೋಡುತ್ತಾರೆ?

ಮನೆಗೆ ಬಂದು ಎಲ್ಲವನ್ನೂ ಅಜ್ಜಿಯ ಮುಂದೆ ಹೇಳಿದ. ಕೊನೆಗೆ, "ಆ ಮನುಷ್ಯ ನನ್ನ ಮೊಣಕಾಲು ನೋಡಿ ಕನಿಕರಪಟ್ಟಿದ್ದ ಕಣೇ" ಎಂದ. ಅಜ್ಜಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. ರಾಶಿಯಿಂದ ಒಂದು ಪುಟ್ಟ ಅಂಗಿ ಎಳೆದು, ಭುಜ ಹಿಡಿದು, ತೊಟ್ಟ ಮಗು ನಿಂತರೆ ಎಷ್ಟು ಎತ್ತರವೋ ಅಷ್ಟಕ್ಕೆ ಅವನ ಮುಂದೆ ಹಿಡಿದಳು. ಕಾಲರು ಅವನ ಸೊಂಟಕ್ಕೆ ಬಂತು.

"ಒಂದನೇ ತರಗತಿ" ಎಂದಳು. "ನಿಮ್ಮ ಮೊಣಕಾಲಿಗಲ್ಲರೀ. ಇವರ ಕಣ್ಣಿಗೆ."

ಕಂಪನಿಯವನ ಎರಡು ಅಂಗೈಗಳು ತಾತನ ಕಣ್ಣ ಮುಂದೆ ಬಂದವು, ಒಂದು ತೊಡೆಯ ಹತ್ತಿರ, ಒಂದು ಸೊಂಟದ ಮೇಲೆ. ಶಾಲೆ ತೆರೆಯುವ ಹಿಂದಿನ ವಾರ. ಕೊಳೆ ಮಾಡ್ಲಿ ಬಿಡಿ. ಎಲ್ಲವೂ ಎದುರಿಗೇ ಬರೆದಿಟ್ಟಂತಿತ್ತು, ಊರ ಗೋಡೆಯೆಲ್ಲ ಓದುವ ಮಹಾಶಯನಿಗೆ ಅದೊಂದು ಓದಲು ಬಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಮೋಸ ಹೋದ ಮಗುವಿನ ಹಾಗೆ ಅಳು ಬಂತು.

"ಇವತ್ತೇ ಅಳಿಸಿಬಿಡ್ತೀನಿ" ಎಂದು ಎದ್ದ.

"ಅಳಿಸಿ" ಎಂದಳು ಅಜ್ಜಿ. "ಆಮೇಲೆ? ಆ ಮಗೂಗೆ ಓದಕ್ಕೆ ಬರೋದು ಒಂದೇ ಒಂದು ಪದ. ಅದನ್ನೂ ಅಳಿಸ್ತೀರಾ?"

ತಾತ ಎದ್ದಲ್ಲೇ ನಿಂತ. ಹೌದಲ್ಲ. ಪುಸ್ತಕದಲ್ಲಿ ಹರಿದಾಡುವ ಅಕ್ಷರಗಳಲ್ಲಿ ಕಾಳುವಿಗಾಗಿ ನಿಂತು ಕಾದದ್ದು ಆ ಮೂರು ಮಾತ್ರ. ಬೆಳಿಗ್ಗೆ ಶಾಲೆಗೆ ಹೋಗುವಾಗ ಅವಳು ಅವುಗಳನ್ನು ಮುಟ್ಟಿಯೇ ಗೇಟಿನೊಳಗೆ ಹೋಗುತ್ತಿದ್ದಳು. ಇಟ್ಟರೆ ಅವಳ ಪಾಲಿಗೆ ಮುಗಿಲೆಂದರೆ ಪ್ಯಾಕೆಟ್. ಅಳಿಸಿದರೆ ಅದೂ ಇಲ್ಲ, ಮತ್ತೆ ಇರುವೆಗಳು.

ಅಳತೆಯವರು ಟೇಪು ಹಿಡಿದು ಬಂದರು. ಗೇಟಿನಿಂದ ಅಂಗಡಿಗೆ ನೂರು ಗಜವಲ್ಲ, ಒಂಬತ್ತು ಗಜವೂ ಇರಲಿಲ್ಲ. ಮೇಲಿನ ಗೂಡು ಖಾಲಿ ಮಾಡಬೇಕು, ಗೋಡೆ ಒರೆಸಬೇಕು, ಮೂರು ದಿನ ಗಡುವು ಎಂದು ಬರೆದುಕೊಟ್ಟು ಹೋದರು. ಅಂಗಡಿಯಾಕೆ ತಾತನ ಮೇಲೆ ಹರಿಹಾಯ್ದಳು. "ಬರೆಯೋನೂ ನೀನೇ, ಅಳಿಸೋನೂ ನೀನೇನಾ ಅಣ್ಣ? ಪೆನ್ಸಿಲ್ ಮಾರ್ಕೊಂಡು ನಾನು ಮನೆ ನಡೆಸಬೇಕಾ?" ತಾತ ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳ ಸಿಟ್ಟು ಸುಳ್ಳಲ್ಲ. ಆದರೆ ಅವಳೂ ಆ ಇಪ್ಪತ್ತಾರು ಹಾಳೆಗಳ ಮಾತು ಕೇಳಿದ ಮೇಲೆ ಸ್ವಲ್ಪ ಹೊತ್ತು ಪೆಪ್ಪರ್‌ಮಿಂಟ್ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಳು. "ಏನಾದ್ರೂ ಮಾಡ್ಕೋ. ಗೋಡೆ ಮಾತ್ರ ಬೋಳು ಬಿಡ್ಬೇಡ" ಎಂದಳು.

ಕಂಪನಿಯವನ ಫೋನು ಅದೇ ದಿನ ಬಂತು. "ಹೋಗ್ಲಿ ಬಿಡಿ ಯಜಮಾನ್ರೇ, ಆ ಗೋಡೆ ಹೋದ್ರೆ ಇನ್ನೊಂದು. ಮೇಲಿನ ಬೀದಿಲಿ ಒಂದು ಶಾಲೆ ಇದೆ, ಅಲ್ಲಿನ್ನೂ ಯಾರೂ ತಲೆ ಹಾಕಿಲ್ಲ. ಅಲ್ಲೂ ಕೆಳಗಡೇನೇ. ನಿಮಗೆ ಏಣಿ ತಾಪತ್ರಯ ಇಲ್ಲ."

ತಾತನಿಗೆ ಬೇರೆ ಕೆಲಸವಿರಲಿಲ್ಲ. ವರ್ಷದಲ್ಲಿ ಬಣ್ಣದ ಡಬ್ಬ ತೆರೆಯುತ್ತಿದ್ದದ್ದೇ ಆ ಒಂದು ಗೋಡೆಗಾಗಿ. ಒಂದು ಕ್ಷಣ ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲಿನ ಏಣಿ ನೋಡಿದ.

"ನನ್ನ ಮೊಣಕಾಲು ವಾಸಿ ಆಯ್ತು ಸಾರ್" ಎಂದು ಫೋನಿಟ್ಟ.

ಏಣಿಯ ಮೇಲಿನ ಬಟ್ಟೆ ತೆಗೆದ. ಅಜ್ಜಿ ಎಡಗಾಲಿನ ಮಾತು ಎತ್ತಲಿಲ್ಲ. ಇಸ್ತ್ರಿ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಾಲೆಯ ಕಾಂಪೌಂಡಿನವರೆಗೂ ಹಿಂದೆ ಬಂದು ಏಣಿಯ ಬುಡ ಹಿಡಿದು ನಿಂತಳು. "ಮೇಲೆ ನೋಡ್ರೀ, ನನ್ನ ನೋಡ್ಬೇಡಿ" ಎಂದು ಗದರುತ್ತಾ ನಾಲ್ಕು ಗಂಟೆ ಹಿಡಿದಿದ್ದಳು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ ಎಂದು ತಾತ ಕಪ್ಪು ಅಕ್ಷರದಲ್ಲಿ ಬರೆದ. ದೂರದಿಂದಲೇ ದೊಡ್ಡವರ ಕಣ್ಣಿಗೆ ಬೀಳುವ ಎತ್ತರ.

ಕಾಳು ಕೆಳಗೆ ನಿಂತು ಕುತ್ತಿಗೆ ಎತ್ತಿ ಎತ್ತಿ ಸೋತಳು. "ತಾತ, ಅದು ನಮಗೆ ಓದಕ್ಕೆ ಆಗಲ್ಲ. ಯಾರಿಗೆ ಬರೀತಿದೀಯ ಅಷ್ಟು ಮೇಲೆ?"

"ದೊಡ್ಡೋರಿಗೆ."

"ಮತ್ತೆ ನಮಗೆ?"

ಮರುದಿನ ರಜೆ. ತಾತ ಡಬ್ಬ ಬೋರಲು ಹಾಕಿ ಗಿಡ್ಡ ಗೋಡೆಯ ಮುಂದೆ ಕೂತ. ಮೊದಲು ಅಕ್ಷರಗಳ ಮೇಲೆ ಬಿಳಿ ಬಳಿದ. ಒಣಗಿತು, ಕೆಂಪು ಮೇಲೆದ್ದು ಬಂತು. ಮತ್ತೆ ಬಳಿದ, ಮತ್ತೆ ಬಂತು. ಮಳೆಗೂ ಬಿಸಿಲಿಗೂ ಜಗ್ಗದಂತೆ ಅವನೇ ಹದ ಮಾಡಿದ ಕೆಂಪು, ಆ ಹದದ ಬಗ್ಗೆ ಅವನು ಊರೆಲ್ಲ ಕೊಚ್ಚಿಕೊಂಡಿದ್ದ. ಮೂರನೇ ಸಲಕ್ಕೆ ಕೆಂಪು ತಿಳಿಯಾಗಿ ಗುಲಾಬಿಯಾಯಿತು, ಆದರೆ ಮೂರು ಅಕ್ಷರಗಳೂ ಬಿಳಿಯ ಹಿಂದಿನಿಂದ ಅವನನ್ನೇ ನೋಡುತ್ತಿದ್ದವು. ತಾತ ಬ್ರಶ್ ಕೆಳಗಿಟ್ಟು ಸುಮ್ಮನೆ ಕೂತ. ಟರ್ಪೆಂಟೈನ್ ವಾಸನೆ, ಬೆಳಗಿನ ಬಿಸಿಲು, ಖಾಲಿ ಶಾಲೆಯ ಅಂಗಳದಲ್ಲಿ ಗಾಳಿ. ಕಣ್ಣು ಅರ್ಧ ಮುಚ್ಚಿಕೊಂಡಿತು. ಹೋಗಲಾರೆವು ಎಂದು ಹಟ ಹಿಡಿದ ಆ ಗುಲಾಬಿ ಅಕ್ಷರಗಳು ಮುಂಜಾವಿನಲ್ಲಿ ಹಿತ್ತಲಿನ ಮೇಲೆ ತೇಲುವ ತೆಳು ಮೋಡದ ಬಣ್ಣದಲ್ಲೇ ಇವೆಯಲ್ಲ ಎಂದು ಆಗ ಹೊಳೆಯಿತು.

ಎದ್ದವನೇ ನೀಲಿ ಡಬ್ಬ ತೆರೆದ. ಪ್ಯಾಕೆಟ್ಟನ್ನು, ಬಿಳಿ ಕಡ್ಡಿಯನ್ನು ಎರಡೇ ಎಳೆತದಲ್ಲಿ ಮುಳುಗಿಸಿದ. ಗೋಡೆಯಿಡೀ ನೀಲಿ ತುಂಬಿದ, ಅಕ್ಷರಗಳ ಅಂಚಿನವರೆಗೆ ಮಾತ್ರ. ಆಮೇಲೆ ಬಿಳಿ ಬ್ರಶ್ಶಿನಿಂದ ಅಂಚುಗಳನ್ನು ಮೆಲ್ಲಗೆ ಉಬ್ಬಿಸಿದ, ಕದಡಿದ, ಹರಡಿದ. 'ಮು'ವಿನ ಕೊಂಬು ಎಳೆ ಎಳೆಯಾಗಿ ಗಾಳಿಗೆ ಬಿಚ್ಚಿಕೊಂಡಿತು. 'ಗಿ' ಗುಂಡಗೆ ಊದಿಕೊಂಡಿತು. 'ಲು'ವಿನ ಹೊಟ್ಟೆಯೊಳಗಿನ ಗಾಳಿ ನೀಲಿಯಾಯಿತು. ಗುರು ಬದುಕಿದ್ದರೆ ಬೈಯದೆ ಇರುತ್ತಿದ್ದ ಎಂದು ತಾತನಿಗೆ ಅನಿಸಿತು.

ಅಂಗಡಿಯಾಕೆ ಗಲ್ಲಾದ ಮೇಲಿನಿಂದ ಬಗ್ಗಿ ನೋಡಿದಳು. "ಚೆನ್ನಾಗೇನೋ ಇದೆ. ನಾಳೆ ಮಕ್ಕಳು ಕೈ ಇಟ್ಟು ಕೊಳೆ ಮಾಡ್ತಾವೆ ನೋಡು."

"ಮಾಡ್ಲಿ ಬಿಡು ತಂಗಿ. ಮತ್ತೆ ಬರೀತೀನಿ" ಎಂದ. ಹೇಳಿದ ಮೇಲೆ, ಅದು ಯಾರ ಮಾತು ಎಂದು ನೆನಪಾಗಿ ಸ್ವಲ್ಪ ಹೊತ್ತು ಬ್ರಶ್ ತೊಳೆಯುತ್ತಾ ತಲೆ ಎತ್ತದೆ ಕೂತ.

ಮರುದಿನ ಬೆಳಿಗ್ಗೆ ಕಾಳುವನ್ನು ತಾನೇ ಕರೆದುಕೊಂಡು ಬಂದ. ಅಂಗಡಿ ಹತ್ತಿರವಾದಂತೆ ನಡಿಗೆ ನಿಧಾನ ಮಾಡಿದ. ಅವಳಿಗೆ ಓದಲು ಬರದಿದ್ದರೆ? ಕಾಳು ಗೋಡೆಯ ಮುಂದೆ ನಿಂತಳು. ಹುಬ್ಬು ಗಂಟಿಕ್ಕಿದಳು. ಬೆರಳು ಚಾಚಿ, ನೀಲಿಯಲ್ಲಿ ತಡಕಾಡಿ, ಕೊಂಬಿನ ತುದಿ ಹುಡುಕಿ ಹಿಡಿದಳು.

"ಮು... ಗಿ... ಲು. ಅದೇ ಇದು!" ಎಂದಳು. ತಾತನ ಜೀವ ಮರಳಿತು. ಅಷ್ಟರಲ್ಲಿ ಅವಳು ಪಕ್ಕಕ್ಕೆ ಬಗ್ಗಿ, ನೀಲಿಯನ್ನು ಉಗುರಿನಿಂದ ಕೆರೆದು, "ಪ್ಯಾಕೆಟ್ ಎಲ್ಲಿ?" ಎಂದು ಕೇಳಿದಳು.

ತಾತ ಮಂಡಿಯೂರಿ ಅವಳ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಮೇಲಕ್ಕೆತ್ತಿದ. ಶಾಲೆಯ ಚಾವಣಿಯ ಆಚೆ ಒಂದು ಮೋಡ ತೇಲುತ್ತಿತ್ತು, ಒಂದು ಅಂಚು ಇನ್ನೂ ಗುಲಾಬಿ.

"ಅದೇನು ಹೇಳು?"

"ಮೋಡ."

"ಅದಕ್ಕೆ ಇನ್ನೊಂದು ಹೆಸರಿದೆ. ಈಗ ಓದಿದ್ಯಲ್ಲ."

ಕಾಳು ಗೋಡೆ ನೋಡಿದಳು. ಆಕಾಶ ನೋಡಿದಳು. ಮತ್ತೆ ಗೋಡೆ ನೋಡಿದಳು.

"ಓ! ಅದಕ್ಕೂ ಅದೇ ಹೆಸರಾ?"

"ಅದರದ್ದೇ ಹೆಸರು ಕಣೇ. ಮೊದಲಿಂದ. ಮಧ್ಯ ಯಾರೋ ಕದ್ಕೊಂಡು ಹೋಗಿದ್ರು."

"ಯಾರು?"

"ಸಿಗರೇಟ್ ಕಂಪನಿಯವರು" ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆರು ವರ್ಷದ ಮಗು ಅಷ್ಟಕ್ಕೇ ಒಪ್ಪಿಕೊಂಡುಬಿಡುತ್ತಿತ್ತು. ಅವನು ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಉಳಿದಿದ್ದ ತನ್ನ ಬಲಗೈ ನೋಡಿಕೊಂಡ. "ನಾನೂ ಜೊತೇಲಿದ್ದೆ" ಎಂದ.

ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕಾಪಾಡಿದ ಗುಟ್ಟು ಕಾಳುವಿನ ನಾಲಿಗೆಯ ತುದಿಯಲ್ಲಿ ಚಡಪಡಿಸುತ್ತಿರುವುದು ಕಾಣುತ್ತಿತ್ತು.

"ಈಗ ಮಿಸ್‌ಗೆ ಹೇಳ್ಲಾ?"

ಗೇಟಿನ ಒಳಗೆ ಗಂಟೆ ಹೊಡೆಯಿತು. ಮಕ್ಕಳು ಗೋಡೆಯ ಮುಂದೆ ಗುಂಪು ಕಟ್ಟುತ್ತಿದ್ದವು, ಒಂದೊಂದಾಗಿ ಬೆರಳು ನೀಲಿಯೊಳಗೆ ಇಳಿಯುತ್ತಿತ್ತು.

"ಹೇಳು" ಎಂದ ತಾತ. "ಪ್ಯಾಕೆಟ್ಟು, ಮೋಡ, ಎರಡನ್ನೂ ಬರ್ದಿದ್ದು ನಮ್ಮ ತಾತಾನೇ ಅಂತ ಹೇಳು."

ಕಾಳು ಚೀಲ ಬೆನ್ನಿಗೇರಿಸಿಕೊಂಡು ಓಡಿದಳು. ತಾತ ಅಲ್ಲೇ, ಹಿಂದಿನ ದಿನ ಬೋರಲು ಹಾಕಿಬಿಟ್ಟಿದ್ದ ಡಬ್ಬದ ಮೇಲೆ, ಮಿಸ್ ಹೊರಗೆ ಬರುವುದನ್ನು ಕಾಯುತ್ತಾ ಕೂತ.